ಜೋಮು ಹಿಡಿದ ಕೈಗೊಂದು ಮೌಸ್

ಲೋಟ ಕೈಯಿಂದ ಬಿದ್ದದ್ದು ನನಗೆ ಗೊತ್ತಾಗಿದ್ದು ಸದ್ದಾದ ಮೇಲೆ. ಬೆರಳು ಯಾವಾಗ ಲೋಟ ಬಿಟ್ಟಿತೋ ಗೊತ್ತೇ ಆಗಿರಲಿಲ್ಲ. ಮೇಜಿನ ಮೇಲೆ ಹರಡಿದ್ದ ಹಳೇ ನಕ್ಷೆಯ ಕಡೆಗೆ ಕಾಫಿ ಹರಿಯುತ್ತಿತ್ತು. ಒಳಗಿನ ಕೋಣೆಯಿಂದ ಸರ್ ಓಡಿ ಬಂದರು. "ನಕ್ಷೆ, ಗಿರಿಜಾ, ನಕ್ಷೆ!" ಅಂತ ಕೂಗಿದರು. ನಾನು ಎಡಗೈಯಲ್ಲಿ ವೇಲ್ ಎಳೆದು ಒರೆಸಿದೆ. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಆಗ ನನಗೆ ಮೂವತ್ತೊಂದು ವರ್ಷ. ಮೂಡಿಗೆರೆ ಪೇಟೆಯಲ್ಲಿ ಒಬ್ಬ ಖಾಸಗಿ ಸರ್ವೆಯರ್ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಎಸ್ಟೇಟಿನವರು ತಮ್ಮ ಅಜ್ಜಂದಿರ ಕಾಲದ, ಬಟ್ಟೆ ಅಂಟಿಸಿದ ನಕ್ಷೆಗಳನ್ನು ತಂದು ಕೊಡುತ್ತಿದ್ದರು. ಅದನ್ನು ಸ್ಕ್ಯಾನ್ ಮಾಡಿಸಿ, ಸ್ಕ್ರೀನಿನ ಮೇಲಿಟ್ಟುಕೊಂಡು, ಒಂದೊಂದು ಗೆರೆಯ ಮೇಲೂ ಮೌಸ್ ಒತ್ತುತ್ತಾ ಹೋಗಬೇಕು. ಹಳ್ಳ ಸೊಟ್ಟಂಪಟ್ಟ ಹರಿದರೆ ನಾನೂ ಸೊಟ್ಟಂಪಟ್ಟ ಒತ್ತಬೇಕು. ಬೇಲಿ, ಕೆರೆ, ಕಣ, ಕೆಲಸದವರ ಲೈನ್ ಮನೆ, ಎಲ್ಲ. ಬೆಳಗ್ಗೆ ಒಂಬತ್ತೂವರೆಗೆ ಕೂತರೆ ಸಂಜೆ ಆರರವರೆಗೆ ಒತ್ತಿದ್ದೇ ಒತ್ತಿದ್ದು. ಆ ಮೌಸ್ ಕಂಪ್ಯೂಟರಿನ ಜೊತೆಗೇ ಬಂದದ್ದು. ಬೆನ್ನು ಚಪ್ಪಟೆ, ಗುಂಡಿ ಬಿಗಿ. ಅದರ ವಯರು ಮೇಜಿನ ಹಿಂದೆ ಎಲ್ಲೋ ಸಿಕ್ಕಿಕೊಂಡಿತ್ತು. ಬಲಕ್ಕೆ ಸರಿಸಿದಾಗಲೆಲ್ಲ ಹಗ್ಗ ಕಟ್ಟಿದ ಕರುವಿನ ಹಾಗೆ ಎಡಕ್ಕೆ ಎಳೆಯುತ್ತಿತ್ತು. ಎಂಟು ವರ್ಷ ನಾನು ಅದರ ಜೊತೆ ಜಗ್ಗಾಡಿದ್ದೆ.

ಆ ಕೆಲಸ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ನಾನು ಬಾಳೂರು ಕಡೆಯ ಒಂದು ಎಸ್ಟೇಟಿನ ಲೈನಿನಲ್ಲೇ ಹುಟ್ಟಿ ಬೆಳೆದವಳು. ಅಪ್ಪ ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಹೋದರು. ಅವ್ವ ಕಾಫಿ ಹಣ್ಣು ಕೊಯ್ದು, ಕಳೆ ಹೊಡೆದು, ಗೊಬ್ಬರ ಹೊತ್ತು ನನ್ನನ್ನು ಪಿಯುಸಿ ಓದಿಸಿದಳು. ಆಮೇಲೆ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಕೋರ್ಸಿಗೂ ಕಳಿಸಿದಳು. ತೊಂಬತ್ತರ ದಶಕದ ಕೊನೆ ಅದು. ಲೈನಿನಲ್ಲಿ ಯಾರಿಗೂ ಕಂಪ್ಯೂಟರ್ ಅಂದರೆ ಏನಂತ ಗೊತ್ತಿರಲಿಲ್ಲ. "ನನ್ ಮಗಳು ಕತ್ತಿ ಹಿಡಿಯಲ್ಲ, ಇಲಿ ಹಿಡೀತಾಳೆ" ಅಂತ ಅವ್ವ ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಲೋಟ ಬೀಳುವ ಮೊದಲೇ ಒಂದು ವರ್ಷದಿಂದ ಕೈ ಏನೇನೋ ಹೇಳುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಇರುವೆ ಹರಿದಂತೆ ಜೋಮು. ಬೆಳಗಿನ ಜಾವ ನೋವಿಗೆ ಎಚ್ಚರಾಗುತ್ತಿತ್ತು. ಕೈ ಕೊಡವಿದರೆ ಸ್ವಲ್ಪ ಸಮಾಧಾನ. ಮೊದಲು ನಾನು ಅದನ್ನು ಚಳಿ ಅಂದುಕೊಂಡೆ. ಆಮೇಲೆ ಕೈ ಮೇಲೆ ಮಲಗಿದ್ದೆ ಅಂದುಕೊಂಡೆ. ಮುಲಾಮು ಹಚ್ಚಿದೆ. ಎಣ್ಣೆ ತಿಕ್ಕಿಸಿಕೊಂಡೆ. ಪೇಟೆಯ ಒಬ್ಬ ಡಾಕ್ಟರು ನಾನು ಏನು ಕೆಲಸ ಮಾಡುತ್ತೇನೆ ಅಂತ ಕೇಳಿದರು, ಹೇಳಿದೆ. "ಕೂತು ಮಾಡೋ ಕೆಲಸಕ್ಕೆ ಕೈಗೆ ಏನಮ್ಮ ಆಗತ್ತೆ? ವಾತ ಇರಬೇಕು" ಅಂತ ನೋವಿನ ಮಾತ್ರೆ ಬರೆದು ಕೊಟ್ಟರು. ಮಾತ್ರೆ ಮುಗಿಯುವವರೆಗೆ ನೋವು ಕಮ್ಮಿ ಇತ್ತು.

ಮನೆಯಲ್ಲಿ ಮೊದಲು ಕೈಬಿಟ್ಟದ್ದು ಜಡೆ. ಮೂರು ಎಳೆ ಹಿಡಿದರೆ ಒಂದು ಜಾರಿಹೋಗುತ್ತಿತ್ತು. ನಮ್ಮ ಮನೆಯವರು ರಮೇಶ ಕೊಟ್ಟಿಗೆಹಾರದ ಕಡೆ ಬಾಡಿಗೆ ಜೀಪು ಓಡಿಸುತ್ತಾರೆ. ಒಂದು ಬೆಳಗ್ಗೆ ನಾನು ಕನ್ನಡಿ ಮುಂದೆ ಕೂತು ಅಳುವುದನ್ನು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಬಾಚಣಿಗೆ ತಗೊಂಡರು. ಅವರು ಹೆಣೆದ ಜಡೆ ಲೋಡಿಗೆ ಕಟ್ಟುವ ಹಗ್ಗದ ಹಾಗೆ ಬಿಗಿಯಾಗಿ, ಒಂದು ಕಡೆ ವಾಲಿಕೊಂಡಿತ್ತು. "ಬಿಚ್ಚೋದಿಲ್ಲ ನೋಡು ಇದು, ಘಾಟಿ ಇಳಿದು ಹತ್ತಿದ್ರೂ ಬಿಚ್ಚಲ್ಲ" ಅಂದರು. ಆವತ್ತಿಂದ ದಿನಾ ಅವರೇ ಹಾಕಿದರು. ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ, ಅದೂ ಒಂದು ಪುಣ್ಯ.

ಲೋಟ ಬಿದ್ದ ಮೇಲೆ ಸರ್ ಅವರೇ ಚಿಕ್ಕಮಗಳೂರಿಗೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸು ಅಂದರು. ಆ ಡಾಕ್ಟರು ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು. ಕರೆಂಟ್ ಹೊಡೆದ ಹಾಗಾಯಿತು. "ಇದು ನರದ್ದು, ಮಣಿಕಟ್ಟಲ್ಲಿ ಒತ್ತಿಕೊಂಡಿದೆ. ಮಂಗಳೂರಲ್ಲಿ ಒಂದು ಟೆಸ್ಟ್ ಮಾಡಿಸಬೇಕು" ಅಂತ ಚೀಟಿ ಬರೆದರು. ಬಸ್ಸಿನಲ್ಲಿ ಆಲ್ದೂರು ದಾಟುವವರೆಗೆ ಚೀಟಿ ಹಿಡಿದುಕೊಂಡೇ ಕೂತಿದ್ದೆ. ನನಗಿದ್ದ ಹೆದರಿಕೆ ಆಪರೇಷನ್ನಿನದಲ್ಲ. ಈ ಕೈ ಹೋದರೆ ನಾನು ವಾಪಸ್ ಲೈನಿಗೆ ಹೋಗಬೇಕು. ಹೋದರೂ ಈ ಕೈಯಲ್ಲಿ ಹಣ್ಣು ಕೊಯ್ಯಲೂ ಆಗುವುದಿಲ್ಲ. ಎರಡು ಕಡೆಯೂ ಬಾಗಿಲು ಹಾಕಿದ ಹಾಗೆ.

ಅವ್ವನಿಗೆ ಹೇಳಿದಾಗ ಅವಳು ನಂಬಲೇ ಇಲ್ಲ. ಅದು ಕೊಯ್ಲಿನ ಕಾಲ. ಲೈನಿನ ಮುಂದೆ ಸೊಂಟದ ಚೀಲ ಬಿಚ್ಚುತ್ತಾ ನಿಂತಿದ್ದಳು. ಪಕ್ಕದ ಮನೆಯ ನಾಗಕ್ಕನೂ ಇದ್ದಳು.

"ಎಂತದು? ಇಲಿ ಹಿಡಿದು ಕೈ ನೋವಾ?" ಅಂದಳು ಅವ್ವ. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ನೋವಲ್ಲ ಅವ್ವ, ಜೋಮು. ಹಿಡಿದದ್ದು ಗೊತ್ತಾಗಲ್ಲ."

ಅವ್ವನ ನಗು ನಿಂತಿತು. ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. "ಬೆಳಗಿನ ಹೊತ್ತು ಜಾಸ್ತಿನಾ?" ಅಂತ ಕೇಳಿದಳು. ಹೌದು ಅಂದೆ. ಅವಳಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮಂಗಳೂರಿಗೆ ಅವ್ವನೇ ಜೊತೆಗೆ ಬಂದಳು. ಕೊಯ್ಲಿನಲ್ಲಿ ಜೀಪಿಗೆ ಬಿಡುವಿಲ್ಲ, ಹಾಗಾಗಿ ಇವರು ಬರುವಂತಿರಲಿಲ್ಲ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅವ್ವನಿಗೆ ವಾಂತಿ, ನನಗೆ ಕಂಬಿ ಹಿಡಿಯಲು ಎಡಗೈಯೊಂದೇ. ಇಳಿದಾಗ ಸೆಕೆಗೆ ಇಬ್ಬರ ಮುಖವೂ ಬಾಡಿತ್ತು. ಆಸ್ಪತ್ರೆಯಲ್ಲಿ ಸಣ್ಣ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ನಂಬರ್ ಬರೆದು ಕೊಟ್ಟರು. ಬೆಂಚು ತುಂಬ ಜನ. ಎದುರಿನ ಗಂಡಸೊಬ್ಬರು ತಮ್ಮ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಬೇಕಾದ ಕಡೆ ಇಟ್ಟುಕೊಳ್ಳುತ್ತಿದ್ದರು. ಅವರನ್ನು ನೋಡಬಾರದು ಅಂದುಕೊಂಡು ಅವರನ್ನೇ ನೋಡುತ್ತಿದ್ದೆ. ಕಾಯುವ ಜಾಗದಲ್ಲಿ ನಮ್ಮ ಕಾಯಿಲೆಗಿಂತ ಬೇರೆಯವರ ಕಾಯಿಲೆ ಹೆದರಿಸುತ್ತದೆ.

ಟೆಸ್ಟಿನಲ್ಲಿ ಕೈಗೆ ಸಣ್ಣ ಸಣ್ಣ ಕರೆಂಟ್ ಕೊಟ್ಟರು. ಬೆರಳು ನನ್ನನ್ನು ಕೇಳದೆ ಕುಣಿದವು. ಅದನ್ನು ಕಂಡು ನನಗೆ ಯಾಕೋ ಸಂತೋಷವಾಯಿತು, ಇನ್ನೂ ಜೀವ ಇದೆಯಲ್ಲ ಅಂತ. ಹೊರಗೆ ಬಂದು ಅವ್ವನ ಪಕ್ಕ ಕೂತೆ. ರಿಪೋರ್ಟಿಗೆ ಕಾಯಬೇಕಿತ್ತು.

ಬಿಲ್ಲೆ ಅವ್ವನ ಕೈಯಲ್ಲಿತ್ತು. ಅದು ಕೆಳಗೆ ಬಿತ್ತು. ಅವ್ವ ಬಗ್ಗಿ ಎತ್ತಲು ಹೋದಳು. ನುಣ್ಣನೆಯ ನೆಲ, ತೆಳು ಬಿಲ್ಲೆ. ಬೆರಳು ಅದರ ಮೇಲೆ ಜಾರುತ್ತಿತ್ತು, ಹಿಡಿತಕ್ಕೆ ಬರಲಿಲ್ಲ. ಎರಡು ಸಲ, ಮೂರು ಸಲ. ಆಮೇಲೆ ಅವಳು ಬಿಲ್ಲೆಯನ್ನು ಅಂಗೈಯಿಂದ ಗೋಡೆಯ ತನಕ ತಳ್ಳಿಕೊಂಡು ಹೋದಳು. ಗೋಡೆಗೆ ಒತ್ತಿ ನಿಲ್ಲಿಸಿ, ಎರಡೂ ಕೈಯ ಅಂಚಿನಲ್ಲಿ ಎತ್ತಿಕೊಂಡಳು. ಯಾವತ್ತಿನಿಂದಲೋ ಮಾಡುತ್ತಾ ಬಂದ ಹಾಗೆ, ಸಲೀಸಾಗಿ.

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು. ನನ್ನ ಹೆಸರು ಕರೆಯಲು ಬಂದವರು ಕರೆಯದೆ ನೋಡುತ್ತಾ ನಿಂತಿದ್ದರು. ಇಬ್ಬರನ್ನೂ ಒಳಗೆ ಕರೆದರು.

"ಅಮ್ಮ, ನಿಮ್ಮ ಕೈ ಒಮ್ಮೆ ತೋರಿಸಿ."

"ನಂಗೆಂತದೂ ಇಲ್ಲ, ಇವಳಿಗೆ ಹುಷಾರಿಲ್ದಿರೋದು" ಅಂತ ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತೋರಿಸಿ ಅಮ್ಮ. ಸೂಜಿ ಕುತ್ತುವುದಿಲ್ಲ, ಏನೂ ಮಾಡುವುದಿಲ್ಲ."

ಅವ್ವ ಕೈ ಮೇಜಿನ ಮೇಲೆ ಇಟ್ಟಳು. ಡಾಕ್ಟರು ನನ್ನ ಕೈಯನ್ನು ಅದರ ಪಕ್ಕ ಇಟ್ಟರು. ಹೆಬ್ಬೆರಳಿನ ಬುಡದಲ್ಲಿ ನನಗೆ ಮಾಂಸದ ಉಬ್ಬು ಇತ್ತು. ಅವ್ವನಿಗೆ ಅಲ್ಲಿ ತಗ್ಗು. ಎಲುಬಿನ ಮೇಲೆ ಚರ್ಮ ಹಾಸಿದ ಹಾಗಿತ್ತು. ಇಷ್ಟು ವರ್ಷ ಆ ಕೈ ನನಗೆ ಊಟ ಬಡಿಸಿದೆ, ತಲೆ ಸವರಿದೆ. ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ.

"ಎಷ್ಟು ವರ್ಷ ಆಯ್ತು ಹೀಗೆ?"

"ಇವಳು ಹೈಸ್ಕೂಲಿಗೆ ಹೋಗ್ತಿದ್ದಾಗ ಶುರುವಾದ್ದು."

"ಯಾರಿಗೂ ಹೇಳಲಿಲ್ವಾ?"

ಅವ್ವ ನಿಜವಾಗಿಯೂ ಆಶ್ಚರ್ಯದಿಂದ ಡಾಕ್ಟರ ಮುಖ ನೋಡಿದಳು. "ಹೇಳದು ಎಂತದು? ಎಲ್ಲರ್ಗೂ ಹಂಗೇ ಅಲ್ವಾ ಆಗೋದು?"

ಡಾಕ್ಟರು ನನ್ನ ರಿಪೋರ್ಟ್ ನೋಡಿ ಹೇಳಿದ್ದು ಇಷ್ಟು: ನನ್ನದು ನಡುವಿನ ಹಂತ. ಮಣಿಕಟ್ಟಿಗೆ ಒಂದು ಇಂಜೆಕ್ಷನ್, ಕೈಗೆ ಪಟ್ಟಿ, ಆರು ವಾರ ಮೌಸ್ ಮುಟ್ಟಬಾರದು. ಆಮೇಲೂ ಆ ಹಳೇ ಮೌಸ್ ಬೇಡ. ಅವ್ವನ ವಿಷಯ ಹೇಳುವಾಗ ದನಿ ತಗ್ಗಿಸಿದರು. ಆಪರೇಷನ್ ಮಾಡಿದರೆ ನೋವು ಕಮ್ಮಿಯಾಗಬಹುದು. ಹೋದ ಮಾಂಸ ಬರುವುದು ಕಷ್ಟ. ಆದರೂ ತಡ ಮಾಡಬೇಡಿ ಅಂದರು.

ಬಸ್ಸಿನಲ್ಲಿ ನಾನು ಆಪರೇಷನ್ ಮಾತೆತ್ತಿದೆ. ಅವ್ವ ಕಿಟಕಿ ಕಡೆ ತಿರುಗಿ ಹೇಳಿದಳು: "ಹಣ್ಣು ಕುಯ್ಯೋ ಕಾಲದಲ್ಲಿ ಕೈ ಕುಯ್ಸ್ಕಂಡು ಕೂತ್ಕಳ್ಳದಾ? ಸುಮ್ನಿರು ಮಾರಾಯ್ತಿ." ಮುಂದೆ ಮಾತಾಡಲು ಬಿಡಲಿಲ್ಲ.

ಇಂಜೆಕ್ಷನ್ ಕೆಲಸ ಮಾಡಿತು. ಒಂದು ವಾರಕ್ಕೆ ಬೆಳಗಿನ ನೋವು ಇಳಿಯಿತು. ಆದರೆ ಆ ಆರು ವಾರ ನನ್ನ ಜೀವನದಲ್ಲಿ ಅತಿ ಉದ್ದದ ಆರು ವಾರ. ಸರ್ ಕೆಲಸದಿಂದ ತೆಗೆಯಲಿಲ್ಲ, ಫೈಲು ನೋಡಿಕೊಂಡಿರು ಅಂದರು. ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಕೆಲಸಕ್ಕೆ ಬಂದ ಹೊಸ ಹುಡುಗಿಗೆ ಗೆರೆ ತೋರಿಸುತ್ತಿದ್ದೆ. ಅವಳ ಕೈ ಎಷ್ಟು ಹಗುರವಾಗಿ ಓಡುತ್ತಿತ್ತು! ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ಮಣಿಕಟ್ಟು ಮೇಜಿನ ಅಂಚಿಗೆ ಒತ್ತಬೇಡ, ಆಗಾಗ ಎದ್ದು ಓಡಾಡು ಅಂತ ಅವಳಿಗೆ ದಿನಾ ಹೇಳುತ್ತಿದ್ದೆ. ಅವಳು "ಹೂಂ ಅಕ್ಕ" ಅನ್ನುತ್ತಿದ್ದಳು. ನಾನಾದರೂ ಆ ವಯಸ್ಸಿನಲ್ಲಿ ಬರೀ ಹೂಂ ಅನ್ನುತ್ತಿದ್ದೆ.

ಮೌಸ್ ಕೊಳ್ಳಲು ಚಿಕ್ಕಮಗಳೂರಿಗೆ ಹೋದ ದಿನ ಅವ್ವನೂ ಬಂದಿದ್ದಳು. ಕೊಯ್ಲು ಮುಗಿದಿತ್ತು. "ಚಪ್ಪಲಿ ತಗೊಳ್ಳುವಾಗ ಹಾಕಿ ನೋಡ್ತೀರಲ್ಲ, ಹಾಗೇ ಮೌಸನ್ನೂ ಕೈಗೆ ಹಾಕಿ ನೋಡಿ" ಅಂತ ಡಾಕ್ಟರು ಹೇಳಿದ್ದರು. ವಯರು ಇಲ್ಲದ್ದು ಸಿಕ್ಕರೆ ಒಳ್ಳೆಯದು, ಜಗ್ಗಾಟ ತಪ್ಪುತ್ತದೆ ಅಂತಲೂ. ಆಗ ನಮ್ಮ ಕಡೆ ವಯರಿಲ್ಲದ ಮೌಸ್ ಇನ್ನೂ ಹೊಸದು. ಅಂಗಡಿಯವರು ಗಾಜಿನ ಕಪಾಟಿನಿಂದ ಮೂರು ತೆಗೆದಿಟ್ಟರು.

ಮೊದಲನೆಯದು ಲ್ಯಾಪ್‌ಟಾಪಿನದು, ಮುದ್ದಾಗಿತ್ತು, ಕಿಸೆಗೆ ಹಿಡಿಸುವಷ್ಟು ಚಿಕ್ಕದು. ಐದು ನಿಮಿಷ ಆಡಿಸಿದೆ. ಬೆರಳುಗಳು ಚೇಳಿನ ಹಾಗೆ ಮುದುಡಿಕೊಂಡವು; ಅಂಗೈಗೆ ಒರಗಲು ಏನೂ ಸಿಗಲಿಲ್ಲ. ಎರಡನೆಯದು ದೊಡ್ಡದು. ಬೆನ್ನು ಎತ್ತರ, ಹೆಬ್ಬೆರಳಿಗೆ ಗುಳಿ, ಕೈ ಕೂತರೆ ಆರಾಮ. ಆದರೆ ಅದು ಗಂಡಸರ ಅಂಗೈ ಅಳತೆಯದು. ಗುಂಡಿ ಮುಟ್ಟಲು ನಾನು ಬೆರಳು ಚಾಚಬೇಕಿತ್ತು. ಒಳಗೆ ಎರಡು ಸೆಲ್ಲು ಹಾಕಿ ಕಲ್ಲಿನ ಹಾಗೆ ಭಾರ. ಎತ್ತಿ ಇಡುವಾಗಲೇ ಮಣಿಕಟ್ಟು ಚುರ್ ಅಂದಿತು.

"ಮೇಡಂ, ಬಂದವ್ರು ಬಣ್ಣ ನೋಡಿ ತಗೊಂಡು ಹೋಗ್ತಾರೆ. ನೀವು ಬದನೆಕಾಯಿ ಹಿಸುಕಿ ನೋಡೋ ತರ ನೋಡ್ತಿದೀರಲ್ಲ" ಅಂದರು ಅಂಗಡಿಯವರು. ನಾನು ಪಟ್ಟಿ ಕಟ್ಟಿದ ಕೈ ತೋರಿಸಿದೆ. ಅವರು ನಗು ನಿಲ್ಲಿಸಿ, ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಕೂತ್ಕೊಂಡು ನೋಡಿ. ನಿಂತು ನೋಡಿದ್ರೆ ಗೊತ್ತಾಗಲ್ಲ. ಎಷ್ಟು ಹೊತ್ತು ಬೇಕಾದ್ರೂ ನೋಡಿ."

ಮೂರನೆಯದು ನೋಡಲು ಏನೂ ಅಲ್ಲ. ಬೂದು ಬಣ್ಣ. ಎರಡೂ ಕಡೆ ಒಂದೇ ಆಕಾರ, ಅಂದರೆ ಎಡಗೈಗೂ ಆಗುತ್ತಿತ್ತು. ಒಂದೇ ಸೆಲ್ಲು. ಅಂಗೈ ಇಟ್ಟರೆ ತುಂಬಿಕೊಳ್ಳುತ್ತಿತ್ತು, ಬೆರಳು ತಾನಾಗಿ ಗುಂಡಿಯ ಮೇಲೆ ಬೀಳುತ್ತಿತ್ತು. ಬೆರಳಿನ ಭಾರಕ್ಕೇ ಒತ್ತುವಷ್ಟು ಮೆತ್ತಗಿತ್ತು ಗುಂಡಿ. ಬಲಗೈಯಲ್ಲಿ ಸ್ವಲ್ಪ ಹೊತ್ತು, ಎಡಗೈಯಲ್ಲಿ ಸ್ವಲ್ಪ ಹೊತ್ತು ಆಡಿಸಿದೆ. ಯಾವುದೂ ನನ್ನನ್ನು ಹಿಂದಕ್ಕೆ ಎಳೆಯಲಿಲ್ಲ. ಅಂಗಡಿಯಲ್ಲಿ ಕೂತು ಅಳು ಬಂತು, ಕೆಮ್ಮಿ ನುಂಗಿಕೊಂಡೆ.

ಅವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ನಾನೂ ಒಂದ್ಸಲ ಹಿಡೀಲಾ?" ಅಂದಳು. ಇಷ್ಟು ವರ್ಷ ಇಲಿ ಇಲಿ ಅಂದವಳು ಅದನ್ನು ಮುಟ್ಟಿಯೇ ಇರಲಿಲ್ಲ. ಅವಳ ಕೈಯನ್ನು ಅದರ ಮೇಲೆ ಇಟ್ಟೆ. ಸ್ಕ್ರೀನಿನ ಮೇಲೆ ಬಾಣ ಓಡಿತು. ಅವ್ವ ಮಗುವಿನ ಹಾಗೆ ನಕ್ಕಳು.

"ಒತ್ತು ಅವ್ವ. ತೋರುಬೆರಳಲ್ಲಿ."

ಅವ್ವ ತುಟಿ ಕಚ್ಚಿಕೊಂಡು ಒತ್ತಿದಳು. ಬೆರಳಿನ ತುದಿ ಬೆಳ್ಳಗಾಗಿತ್ತು.

"ಒತ್ತಿದ್ನಾ?" ಅಂತ ಕೇಳಿದಳು.

ಅವಳು ಒತ್ತುತ್ತಿದ್ದುದು ಗುಂಡಿಯ ಪಕ್ಕದ ಪ್ಲಾಸ್ಟಿಕ್ಕನ್ನು. ಅಲ್ಲಿ ಒತ್ತಿದರೆ ಏನೂ ಆಗುವುದಿಲ್ಲ. ಬೆರಳಿನ ಕೆಳಗೆ ಏನಿದೆ ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಹೂಂ ಅವ್ವ, ಒತ್ತಿದೆ" ಅಂದೆ. ಅಂಗಡಿಯವರು ಬೇರೆ ಕಡೆ ನೋಡಿದರು.

ಹೊಸ ಮೌಸಿನಿಂದ ನನಗೆ ಆದ ಉಪಕಾರವನ್ನು ಸಣ್ಣದು ಅನ್ನಲಾರೆ. ಎಡಗೈಯಲ್ಲಿ ಕಲಿಯಲು ಎರಡು ತಿಂಗಳು ಹಿಡಿಯಿತು. ಮೊದಮೊದಲು ನಾನು ಎಳೆದ ಹಳ್ಳಗಳು ಗುಡ್ಡ ಹತ್ತುತ್ತಿದ್ದವು. ಸರ್ ನೋಡಿ, "ಗಿರಿಜಾ, ನೀರು ಮೇಲಕ್ಕೆ ಹರಿಸ್ತಾ ಇದೀಯ" ಅಂದರು. ಆಮೇಲೆ ಹಿಡಿತ ಬಂತು. ಈಗಲೂ ನಾನು ಬೆಳಗ್ಗೆ ಎಡಗೈ, ಮಧ್ಯಾಹ್ನ ಬಲಗೈ. ಆದರೆ ಪೂರ್ತಿ ದಿನದ ಕೆಲಸ ಹೋಯಿತು. ದೊಡ್ಡ ನಕ್ಷೆಗಳು ಆ ಹುಡುಗಿಗೆ, ತಿದ್ದುಪಡಿಗಳು ನನಗೆ. ನಡುಬೆರಳ ತುದಿಯ ಜೋಮು ಪೂರ್ತಿ ಬಿಟ್ಟಿಲ್ಲ. ಒಳ್ಳೆಯ ಮೌಸ್ ಇರುವ ಕೈಯನ್ನು ಕಾಯುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ.

ಆ ಮಳೆಗಾಲದ ಮೊದಲು ಒಂದು ಭಾನುವಾರ ಲೈನಿಗೆ ಹೋಗಿದ್ದೆ. ಅವ್ವ ಮಂಗಳೂರಿನ ಕತೆ ಎಲ್ಲರಿಗೂ ಹೇಳಿಯಾಗಿತ್ತು. ನಾನು ಜಗಲಿಯಲ್ಲಿ ಕೂತಿದ್ದಾಗ ನಾಗಕ್ಕ ಬಂದು ತನ್ನ ಕೈ ಮುಂದೆ ಚಾಚಿದಳು. "ನಂದೂ ನೋಡು." ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ನಾನು ಡಾಕ್ಟರಲ್ಲ ಅಂದರೂ ಕೇಳಲಿಲ್ಲ. ಒಬ್ಬೊಬ್ಬರ ಹೆಬ್ಬೆರಳ ಬುಡ ಮುಟ್ಟಿ ನೋಡಿದೆ. ಕೆಲವರಿಗೆ ಉಬ್ಬಿತ್ತು, ಕೆಲವರಿಗೆ ತಗ್ಗು.

"ನಿಂಗೆ ಡಾಕ್ಟ್ರು ಬೇರೆ ಇಲಿ ತಗಳಕೆ ಹೇಳಿದ್ರು. ನಮ್ಗೆ ಎಂತ ಬದ್ಲಾಯ್ಸಕೆ ಹೇಳ್ತಾರೆ?" ಅಂತ ಕೇಳಿದಳು ನಾಗಕ್ಕ. ಚುಚ್ಚಿ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಕತ್ತಿ ಬದಲಾಯಿಸುವುದೋ, ಗಿಡವೋ, ಗುಡ್ಡವೋ?

ಮರುದಿನ ಧೈರ್ಯ ಮಾಡಿ ಎಸ್ಟೇಟಿನ ಧಣಿಗಳ ಹತ್ತಿರ ಹೋದೆ. ಒಳ್ಳೆಯವರು. ಕೇಳಿಸಿಕೊಂಡು, "ನಮಗೆ ಇದು ಗೊತ್ತೇ ಇರಲಿಲ್ಲಮ್ಮ" ಅಂದರು, ಆಸ್ಪತ್ರೆಗೆ ಜೀಪು ಕಳಿಸಿದರು. ನಾಲ್ಕು ಹೆಂಗಸರು ಹತ್ತಿದರು. ಉಳಿದವರಿಗೆ ಕಾರಣಗಳಿದ್ದವು. ಅವ್ವ ದನಕ್ಕೆ ಹುಲ್ಲು ತರಲು ಹೋಗಿಬಿಟ್ಟಿದ್ದಳು, ಜೀಪು ಹೋದ ಮೇಲೇ ಬಂದಳು. ಮುಂದಿನ ಬೇಸಿಗೆ ಅಂದಳು. ಆ ಬೇಸಿಗೆ ಬಂತು, ಹೋಯಿತು. ನಾನು ಜಗಳ ಆಡಿದೆ, ಅತ್ತೆ, ಮಾತು ಬಿಟ್ಟೆ. ನಮ್ಮ ಮನೆಯವರು ತಮ್ಮ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದರು. ಅವಳ ಕೈ ಅವಳದು, ನನಗೆ ಎಳೆದುಕೊಂಡು ಹೋಗಲು ಆಗಲಿಲ್ಲ.

ಮೂರನೇ ವರ್ಷದ ಮಳೆಗಾಲದಲ್ಲಿ ಅವ್ವ ನಾಲ್ಕು ದಿನಕ್ಕೆ ನಮ್ಮ ಮನೆಗೆ ಬಂದಳು. ಮುಖ ಗೆಲುವಾಗಿತ್ತು.

"ಕೈ ವಾಸಿಯಾತು ಕಣೆ! ಎರಡು ತಿಂಗಳಾತು, ಒಂಚೂರೂ ನೋವಿಲ್ಲ. ನಾನು ಹೇಳ್ಲಿಲ್ವಾ, ಕುಯ್ಸ್ಕಂಡಿದ್ರೆ ಸುಮ್ನೆ ದಂಡ ಆಗ್ತಿತ್ತು."

ನನಗೆ ಆದ ಸಂತೋಷಕ್ಕೆ ಆಫೀಸಿನಿಂದ ಮಂಗಳೂರಿನ ಡಾಕ್ಟರಿಗೇ ಫೋನ್ ಮಾಡಿದೆ. ಅವರು ನೋವು ಯಾವಾಗಿನಿಂದ ಇಲ್ಲ ಅಂತ ಕೇಳಿದರು. ಆಮೇಲೆ, "ಗಿರಿಜಾ, ನೋವು ಹೋಗುವುದು ಯಾವಾಗಲೂ ವಾಸಿಯಾಗಿ ಅಲ್ಲ. ನೋವು ಹೇಳುವ ನರವೇ ಸುಮ್ಮನಾದರೂ ಹೋಗ್ತದೆ. ಅವರಿಗೆ ಬಿಸಿ ತಿಳೀತದಾ, ನೋಡಿ" ಅಂದರು.

ಮನೆಗೆ ಬಂದಾಗ ಅವ್ವ ಒಲೆ ಮುಂದೆ ನಿಂತು ಅಕ್ಕಿರೊಟ್ಟಿ ಮಾಡುತ್ತಿದ್ದಳು. ರೊಟ್ಟಿಯ ಅಂಚು ಒತ್ತಿದ ಬೆರಳು ಕಾವಲಿಯ ಮೇಲೆಯೇ ಇತ್ತು. ನನ್ನ ಕಡೆ ತಿರುಗಿ, ಮಳೆಗೆ ಬಸ್ಸು ತಡವಾಯಿತಾ ಅಂತ ಕೇಳಿದಳು. ಬೆರಳು ತೆಗೆಯಲಿಲ್ಲ.

ನಾನು ಹೋಗಿ ಅವಳ ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಎತ್ತಿದೆ. ತುದಿ ಕೆಂಪಾಗಿ ಹೊಳೆಯುತ್ತಿತ್ತು. ಅವ್ವ ಅದನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು.

"ನೋಡಿದ್ಯಾ, ಎಷ್ಟು ಹಗುರಾಗಿದೆ ಈಗ?" ಅಂದಳು.

"ಹೌದು ಅವ್ವ" ಅಂದೆ. "ನೀನು ಕೂತ್ಕ. ಉಳಿದದ್ದು ನಾನು ಮಾಡ್ತೀನಿ."